ಅಪ್‌ಡೇಟ್: ಅಮ್ಮನ ಕಣ್ಣಿಗೆ ಬಿಟ್ಟ ನೀಲಿ ಬಣ್ಣ

ಅಮ್ಮನ ಅಕ್ಷಿಪಟಲದ ನಡುವೆ ರಂಧ್ರವಾಗಿದೆ, ಶಸ್ತ್ರಚಿಕಿತ್ಸೆಯಲ್ಲಿ ಕಣ್ಣೊಳಗೆ ನೀಲಿ ಬಣ್ಣ ಬಿಡುತ್ತಾರಂತೆ, ಅದು ಅಲ್ಲೇ ಉಳಿದುಬಿಟ್ಟರೆ ಗತಿಯೇನು ಎಂದು ಕೇಳಿದ್ದೆ. ದಾವಣಗೆರೆಯಲ್ಲೇ ಎಲ್ಲ ಮುಗಿಯಿತು.

ಹಿಂದಿನ ದಿನ ವೈದ್ಯರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ರಂಧ್ರ ಮುಚ್ಚಲು ಸುಲಿಯಬೇಕಾದ ಅಕ್ಷಿಪಟಲದ ಒಳಪೊರೆ ಮಿಲಿಮೀಟರಿನ ಸಾವಿರದಲ್ಲಿ 2-3 ಪಾಲಿನಷ್ಟು ತೆಳು, ಗಾಜಿನಂತೆ ಪಾರದರ್ಶಕ. ಸೂಕ್ಷ್ಮದರ್ಶಕವಿದ್ದರೂ ಅಂಚು ಸಿಗುವುದು ಕಷ್ಟ. ಬ್ರಿಲಿಯಂಟ್ ಬ್ಲೂ ಎಂಬ ನೀಲಿ ಬಣ್ಣ ಆ ಪೊರೆಗೆ ಚೆನ್ನಾಗಿ ಹಿಡಿಯುತ್ತದೆ. ಸುಲಿದ ಜಾಗ ಬಿಳಚಿಕೊಂಡು, ಉಳಿದದ್ದು ನೀಲಿಯಾಗಿ ಕಾಣುತ್ತದೆ. ಅದಕ್ಕೂ ಮೊದಲು ಕಣ್ಣೊಳಗೆ ತುಂಬಿರುವ ಲೋಳೆ ತೆಗೆಯುವಾಗ ಟ್ರಯಾಮ್ಸಿನೋಲೋನ್ ಎಂಬ ಔಷಧಿ ಬಿಡುವುದುಂಟು. ಅದರ ಬಿಳಿ ಕಣಗಳು ಕಾಣದ ಲೋಳೆಗೆ ಹಿಟ್ಟು ಉದುರಿಸಿದಂತೆ ಅಂಟುತ್ತವೆ. ನೀಲಿ ಬಣ್ಣವನ್ನು ಶಸ್ತ್ರಚಿಕಿತ್ಸೆಯಲ್ಲೇ ತೊಳೆದು ಹೀರಿಬಿಡುತ್ತಾರೆ. ನಾನು ಹೆದರಿದ್ದೆಲ್ಲ ದಂಡ.

ನಿಜವಾದ ಕಷ್ಟ ಆಮೇಲಿನದು. ಕಣ್ಣಿಗೆ ತುಂಬಿದ ಅನಿಲ ರಂಧ್ರಕ್ಕೆ ಒತ್ತಿಕೊಂಡಿರಲೆಂದು ಅಮ್ಮ ಐದು ದಿನ ಬೋರಲಾಗಿಯೇ ಇದ್ದಳು. ತಲೆ ತಗ್ಗಿಸಿಕೊಂಡೇ ಮಂಡಕ್ಕಿ ತಿಂದಳು. ಜೊತೆಗೆ ಮಿರ್ಚಿ ಬೇಕೆಂಬ ಹಟ ಬೇರೆ. "ನೀಲಿ ಕಾಣುತ್ತದೆಯೇನಮ್ಮಾ?" ಎಂದರೆ, "ನಿನ್ನ ಚಪ್ಪಲಿ ಬಿಟ್ಟು ಇನ್ನೇನು ಕಾಣಬೇಕು?" ಎಂದಳು.

ನಿನ್ನೆಯ ಸ್ಕ್ಯಾನಿನಲ್ಲಿ ರಂಧ್ರ ಮುಚ್ಚಿದೆ. ಅನಿಲದ ಗುಳ್ಳೆ ಇನ್ನೂ ಅಮ್ಮನ ನೋಟದ ಕೆಳಗಂಚಿನಲ್ಲಿ ಕುಲುಕುತ್ತಿದೆಯಂತೆ. ಅದು ಕರಗುವವರೆಗೆ ವಿಮಾನ ಹತ್ತುವಂತಿಲ್ಲ, ಹಾಗಾಗಿ ದೆಹಲಿಯ ತಂಗಿಯೇ ಇಲ್ಲಿಗೆ ಬರುತ್ತಿದ್ದಾಳೆ.