40 ಗಂಟೆಯ ಸೇವೆ: ಕೆಲಸವನ್ನು ಮಕ್ಕಳ ಕೈಗೇ ಬಿಡಿ

ಈ ವಾರ ಗುಂಪಿನಲ್ಲಿ ಮೂರ್ನಾಲ್ಕು ಜನ ಇದನ್ನೇ ಕೇಳಿದ್ದಾರೆ: "ಮಗಳು ಒಂಬತ್ತನೇ ಕ್ಲಾಸಿಗೆ ಹೋಗ್ತಾಳೆ, 40 ಗಂಟೆ ಎಲ್ಲಿ ಮಾಡಿಸೋದು?" ಹೊಸದಾಗಿ ಬಂದವರಿಗೆ ಹೇಳುವುದಾದರೆ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಹೈಸ್ಕೂಲ್ ಡಿಪ್ಲೊಮಾ ಸಿಗಬೇಕಾದರೆ ಓದಿನ ಜೊತೆ 40 ಗಂಟೆ ಸಮುದಾಯ ಸೇವೆಯೂ ಆಗಿರಬೇಕು. 1999ರಲ್ಲಿ ಬಂದ ನಿಯಮ. ಸಂಬಳದ ಕೆಲಸ, ಮನೆಗೆಲಸ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಯಾವುದು ನಡೆಯುತ್ತದೆ ಅನ್ನುವ ಪಟ್ಟಿ ಸ್ಕೂಲ್ ಬೋರ್ಡಿನಲ್ಲಿ, ಅಂದರೆ ಆ ಭಾಗದ ಶಾಲೆಗಳನ್ನು ನಡೆಸುವ ಮಂಡಳಿಯಲ್ಲಿ ಸಿಗುತ್ತದೆ, ಮೊದಲೇ ನೋಡಿಕೊಳ್ಳಿ.

ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಕುರ್ಚಿ ಜೋಡಿಸಿ, ಊಟ ಬಡಿಸಿ ಗಂಟೆ ತುಂಬಿಸಿಕೊಳ್ಳುವುದು ಸುಲಭ. ನಮ್ಮ ಮಕ್ಕಳು ಜಾಸ್ತಿ ಮಾಡುವುದೂ ಅದನ್ನೇ. ಅದರಲ್ಲಿ ತಪ್ಪೇನಿಲ್ಲ. ಆದರೆ ಕಷ್ಟದಲ್ಲಿರುವ ಒಬ್ಬರನ್ನಾದರೂ ಮಕ್ಕಳು ಮಾತಾಡಿಸದೇ ಆ 40 ಗಂಟೆ ಮುಗಿದುಹೋದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಮಿಸಿಸಾಗಾದಲ್ಲಿ ನಮ್ಮ ಪರಿಚಯದ ಐದಾರು ಮಕ್ಕಳು ಸೇರಿ ಒಂದು ಕೆಲಸ ಮಾಡಿದರು. ಕಷ್ಟದಲ್ಲಿರುವವರಿಗೆ ಪುಕ್ಕಟೆಯಾಗಿ ದಿನಸಿ ಕೊಡುವ ಫುಡ್ ಬ್ಯಾಂಕಿಗೆ ಬರುವವರಲ್ಲಿ ಭಾರತದಿಂದ ಓದಲು ಬಂದ ವಿದ್ಯಾರ್ಥಿಗಳೂ ಇದ್ದಾರೆ ಅಂತ ಅವರಿಗೆ ಗೊತ್ತಾಯಿತು. ಸಾಮಾನು ಕೂಡಿಹಾಕುವ ಮೊದಲು ಆ ಹುಡುಗ ಹುಡುಗಿಯರನ್ನೇ ಹೋಗಿ ಕೇಳಿದರು. ಆಗ ಗೊತ್ತಾದ ಸಂಗತಿಗಳು ನಮ್ಮಂಥ ದೊಡ್ಡವರಿಗೆ ಹೊಳೆದಿರಲೇ ಇಲ್ಲ. ಬೇಸ್‌ಮೆಂಟಿನಲ್ಲಿ ಆರು ಜನ ಇರುತ್ತಾರೆ, ಅಡುಗೆಮನೆಯಲ್ಲಿ ಒಬ್ಬೊಬ್ಬರಿಗೆ ಸಿಗುವುದು ಒಂದೇ ಒಂದು ಶೆಲ್ಫು. ದೊಡ್ಡ ಅಕ್ಕಿ ಮೂಟೆ ಕೊಟ್ಟರೆ ಇಡಲು ಜಾಗವಿಲ್ಲ, ಬಸ್ಸಿನಲ್ಲಿ ಹೊತ್ತು ತರುವುದೂ ಕಷ್ಟ. ಕೆಲವರ ಹತ್ತಿರ ಡಬ್ಬಿ ತೆಗೆಯುವ ಓಪನರ್ ಕೂಡ ಇರಲಿಲ್ಲ. ಹಾಗಾಗಿ ಮಕ್ಕಳು ಸಣ್ಣ ಪ್ಯಾಕೆಟ್ ತೊಗರಿಬೇಳೆ, ಅಕ್ಕಿ, ಎಣ್ಣೆ, ಉಂಗುರ ಎಳೆದು ತೆಗೆಯುವ ಡಬ್ಬಿಗಳು ಅಂತ ಪಟ್ಟಿ ಮಾಡಿ, ಸಂಘದವರಿಗೆ "ಇದನ್ನೇ ಕೊಡಿ" ಅಂತ ಕಳಿಸಿದರು.

ಬಂದ ಸಾಮಾನು ವಿಂಗಡಿಸುವುದನ್ನೂ ಅವರೇ ಕಲಿತರು. ಇಲ್ಲಿ ಡಬ್ಬಿಯ ಮೇಲಿನ 'ಬೆಸ್ಟ್ ಬಿಫೋರ್' ದಿನ ದಾಟಿದ ಕೂಡಲೇ ಆಹಾರ ಕೆಟ್ಟಿತು ಅಂತಲ್ಲ. ಕೆನಡಾದಲ್ಲಿ ನಿಜವಾದ 'ಎಕ್ಸ್‌ಪೈರಿ' ದಿನಾಂಕ ಕಡ್ಡಾಯ ಇರುವುದು ಶಿಶುಗಳ ಫಾರ್ಮುಲಾದಂಥ ಕೆಲವೇ ಪದಾರ್ಥಗಳಿಗೆ. ಅದು ದಾಟಿದ್ದರೆ ಕೊಡುವ ಹಾಗೇ ಇಲ್ಲ. ಡಬ್ಬಿ ಊದಿದ್ದರೆ, ಅಥವಾ ಅಂಚಿನ ಬೆಸುಗೆಯ ಮೇಲೆ ನೆಗ್ಗಿದ್ದರೆ ಎಸೆಯಬೇಕು. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಪ್ರತಿ ಡಬ್ಬಿಯ ಅಂಚಿನ ಮೇಲೆ ಬೆರಳಾಡಿಸಿ ನೋಡಿ, ಅನುಮಾನ ಬಂದಿದ್ದನ್ನು ಬೇರೆ ಇಡುತ್ತಿದ್ದಳು. ಆ ಗಮನ ನೋಡಿ ನನಗೆ ತುಂಬಾ ಹೆಮ್ಮೆ ಆಯಿತು.

ಇದೆಲ್ಲ ಯಾರೋ ನಾಲ್ಕು ಜನರ ಸಮಸ್ಯೆ ಅಂದುಕೊಳ್ಳಬೇಡಿ. 2024ರ ಮಾರ್ಚ್ ಒಂದೇ ತಿಂಗಳಲ್ಲಿ ಕೆನಡಾದ ಫುಡ್ ಬ್ಯಾಂಕುಗಳಿಗೆ ಜನ 20 ಲಕ್ಷಕ್ಕೂ ಹೆಚ್ಚು ಸಲ ಬಂದಿದ್ದಾರೆ. ಬಂದವರಲ್ಲಿ ಸುಮಾರು ಮೂರನೇ ಒಂದು ಪಾಲು ಮಕ್ಕಳು. ನಮ್ಮ ಮಕ್ಕಳ ಪಕ್ಕದ ಡೆಸ್ಕಿನಲ್ಲಿ ಕೂರುವ ಮಗುವೂ ಅವರಲ್ಲಿ ಇರಬಹುದು. ಅದಕ್ಕೇ ಫೋಟೋ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ: ಸಾಮಾನು ತಗೊಳ್ಳುವವರ ಫೋಟೋ ಬೇಡವೇ ಬೇಡ, ಸಂಘದ ಪೇಜಿಗೂ ಬೇಡ.

ನಮ್ಮಲ್ಲಿ ಎಷ್ಟೋ ಜನ ಊರಲ್ಲಿ ಕಾಲೇಜಿನಲ್ಲಿದ್ದಾಗ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಮಾಡಿದವರು ಅಲ್ವಾ? ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ ಹಳ್ಳಿಯಲ್ಲಿ ಏಳು ದಿನದ ಕ್ಯಾಂಪು. 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಅದನ್ನು ಶುರು ಮಾಡಿದ ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಅವರು ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಹೋದವರು. ಶಾಲೆಯ ಜಗುಲಿಯಲ್ಲಿ ಮಲಗಿ, ಬೆಳಗ್ಗೆ ಎದ್ದು ಚರಂಡಿ ತೆಗೆದು, ರಾತ್ರಿ ಊರವರ ಮುಂದೆ ನಾಟಕ ಆಡಿದ್ದನ್ನು ಮಕ್ಕಳಿಗೆ ಹೇಳಿ. ಆ ಕ್ಯಾಂಪುಗಳಲ್ಲಿ ಅಡುಗೆ ಯಾರು, ಹಾರೆ ಯಾರು ಅನ್ನೋದನ್ನೆಲ್ಲ ಹುಡುಗರೇ ತೀರ್ಮಾನ ಮಾಡುತ್ತಿದ್ದರು. ಅಪ್ಪ ಅಮ್ಮ ಬಂದು ಏರ್ಪಾಟು ಮಾಡಿದ್ದಿಲ್ಲ.

ಇಲ್ಲೂ ಹಾಗೇ ಬಿಡೋಣ ಅನ್ನೋದು ನನ್ನ ಆಸೆ. ಫುಡ್ ಬ್ಯಾಂಕಿಗೆ ಮೊದಲ ಇಮೇಲ್ ಮಗನೇ ಬರೆಯಲಿ. ಉತ್ತರ ಬರದಿದ್ದರೆ ಫೋನ್ ಕೂಡ ಅವನೇ ಮಾಡಲಿ. ನಾವು ಕಾರಿನಲ್ಲಿ ಬಿಟ್ಟು ಬಂದರೆ ಸಾಕು. ಎಷ್ಟೋ ಕಡೆ ಕನಿಷ್ಠ ವಯಸ್ಸಿನ ನಿಯಮ ಇರುತ್ತದೆ, ಅದನ್ನೂ ಅವರೇ ಕೇಳಿ ತಿಳಿದುಕೊಳ್ಳಲಿ.

ಇನ್ನೊಂದು ಮಾತು. ದೀಪಾವಳಿ, ಕ್ರಿಸ್ಮಸ್ ಹೊತ್ತಿಗೆ ಎಲ್ಲರೂ ಕೊಡುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಜನ ರಜೆಗೆ ಹೋಗಿ ಕೊಡುವುದು ಕಡಿಮೆಯಾಗುತ್ತದೆ. ಸ್ಕೂಲಿನ ಊಟದ ಕಾರ್ಯಕ್ರಮವೂ ಆಗ ಇರುವುದಿಲ್ಲ. ಎಂಟನೇ ಕ್ಲಾಸು ಮುಗಿದ ಬೇಸಿಗೆಯಿಂದಲೇ ಈ 40 ಗಂಟೆ ಶುರು ಮಾಡಬಹುದು. ಈ ಸಲದ ಸಂಘದ ಪಿಕ್ನಿಕ್‌ಗೆ ಬರುವಾಗ ಮನೆಗೊಂದು ಪ್ಯಾಕೆಟ್ ತೊಗರಿಬೇಳೆ ತಂದರೆ, ಮೇಜು ಹಾಕಿ ಲೆಕ್ಕ ಬರೆದುಕೊಳ್ಳಲು ಮೇಲೆ ಹೇಳಿದ ಮಕ್ಕಳು ರೆಡಿ ಇದ್ದಾರೆ. ಜೊತೆಗೆ ಸೇರುವ ಮಕ್ಕಳಿದ್ದರೆ ಇಲ್ಲೇ ಕೆಳಗೆ ಬರೆಯಿರಿ.