ಆಕ್ಟಿವ್ ಬೇಸ್ ಗಿಟಾರ್: ಬ್ಯಾಟರಿ ಮೂರೇ ವಾರಕ್ಕೆ ಖಾಲಿ, ಇದು ಮಾಮೂಲಾ?

ದಪ್ಪತಂತಿ
ನನ್ನದು ಒಂದೇ 9 ವೋಲ್ಟ್ ಬ್ಯಾಟರಿಯ ಆಕ್ಟಿವ್ ಬೇಸ್ ಗಿಟಾರ್, ಅಂದರೆ ಸಿಗ್ನಲ್ಲನ್ನು ಬಲಪಡಿಸುವ ಪ್ರೀಆಂಪ್ ಸರ್ಕ್ಯೂಟ್ ಒಳಗೇ ಇರುವಂಥದ್ದು. ಮೊದಲೆಲ್ಲ ಬ್ಯಾಟರಿ ಹಾಕಿದ್ದು ಯಾವಾಗ ಅಂತಲೇ ಮರೆತುಹೋಗುವಷ್ಟು ಬಾಳಿಕೆ ಬರುತ್ತಿತ್ತು. ನಾಲ್ಕು ತಿಂಗಳಿಂದ ಏನಾಗಿದೆಯೋ, ಮೂರು ವಾರ ಆಗುತ್ತಿದ್ದಂತೆ ದಪ್ಪನೆಯ ಇ (E) ತಂತಿಯನ್ನು ಸ್ವಲ್ಪ ಜೋರಾಗಿ ಮೀಟಿದರೂ ಸ್ವರ ಒಡೆದು ಗರಗರ ಅನ್ನುತ್ತದೆ, ಒಂದೆರಡು ದಿನದಲ್ಲಿ ವಾಲ್ಯೂಮೂ ಬಿದ್ದುಹೋಗುತ್ತದೆ. ಹೊಸ ಬ್ಯಾಟರಿ ಹಾಕಿದರೆ ಎಲ್ಲ ಸರಿ. ಹಾಕುವುದು ಆಲ್ಕಲೈನೇ. ನುಡಿಸುವುದು ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಕೇಬಲ್ ಕಿತ್ತಿಟ್ಟೇ ಮಲಗುತ್ತೇನೆ, ದಯವಿಟ್ಟು ಅದೊಂದನ್ನು ಹೇಳಬೇಡಿ. ಲಿಥಿಯಂ ಹಾಕಲಾ? ಇಲ್ಲಾ ಪ್ರೀಆಂಪೇ ಹೋಗಿದೆಯಾ?

ಮಂದ್ರಪ್ರಿಯ
ರೀಚಾರ್ಜ್ ಆಗುವ 9 ವೋಲ್ಟ್ ತಗೊಳ್ಳಿ, ತಲೆನೋವೇ ಇರಲ್ಲ.

ಹಳೇಕೇಬಲ್
ತಲೆನೋವು ಇರುತ್ತೆ ಗುರು. ನಿಕ್ಕಲ್ ಮೆಟಲ್ ಹೈಡ್ರೈಡ್ 9 ವೋಲ್ಟ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಇರುವುದೇ 200 ಎಂಎಎಚ್ (ಮಿಲಿಆಂಪ್-ಗಂಟೆ, ಬ್ಯಾಟರಿಯಲ್ಲಿ ತುಂಬಿರುವ ಚಾರ್ಜ್‌ನ ಅಳತೆ) ಆಸುಪಾಸು, ಆಲ್ಕಲೈನ್‌ನಲ್ಲಿ ಸುಮಾರು 500. ಸುಮ್ನೆ ಇಟ್ಟರೂ ತಾನಾಗಿಯೇ ಇಳಿಯುತ್ತದೆ. ಯುಎಸ್‌ಬಿಯಲ್ಲಿ ಚಾರ್ಜ್ ಆಗುವ ಲಿಥಿಯಂ ಅಯಾನ್ ಬಗೆಯಲ್ಲಿ ವೋಲ್ಟೇಜ್ ಏರಿಸುವ ಪುಟ್ಟ ಸರ್ಕ್ಯೂಟ್ ಒಳಗೇ ಇರುತ್ತದೆ, ಕೆಲವು ಬೇಸ್‌ಗಳಲ್ಲಿ ಅದರ ಕೀರಲು ಸದ್ದು ಆಂಪ್ಲಿಫೈಯರ್‌ವರೆಗೂ ಬರುತ್ತದೆ. ಒಂದೇ ಸಲ ಬಳಸುವ ಲಿಥಿಯಂ ಒಳ್ಳೆಯದು, 1200 ಎಂಎಎಚ್ ಹತ್ತಿರ ಬರುತ್ತದೆ. ಆದರೆ ಸೋರುವ ಕೊಡಕ್ಕೆ ಎಷ್ಟು ನೀರು ತುಂಬಿದರೆ ಏನು?

ಟಾಂಕಾತಜ್ಞ
ನೀವು ಹೇಳಿದ "ಮೂರು ವಾರ"ದಲ್ಲೇ ಉತ್ತರ ಇದೆ ಅನ್ನಿಸುತ್ತೆ. 21 ದಿನ ಅಂದರೆ 504 ಗಂಟೆ. ಬೇಸ್ ಪ್ರೀಆಂಪ್ ಒಂದು ಮಿಲಿಆಂಪ್ ಎಳೆಯುತ್ತದೆ ಅಂದುಕೊಳ್ಳಿ, ಕೆಲವು ಇನ್ನೂ ಕಮ್ಮಿ, ಕೆಲವು ಜಾಸ್ತಿ. ಒಂದು ಮಿಲಿಆಂಪ್‌ನಂತೆ 504 ಗಂಟೆ ಎಳೆದರೆ ಹೆಚ್ಚುಕಮ್ಮಿ ಒಂದು ಆಲ್ಕಲೈನ್ ಮುಗಿಯಿತು. ಅಂದರೆ ನಿಮ್ಮ ಪ್ರೀಆಂಪ್ ಹಾಳಾಗಿಲ್ಲ, ಹಗಲೂ ರಾತ್ರಿ ಆನ್ ಇದೆ, ಅಷ್ಟೇ! ದಿನಕ್ಕೆ ಒಂದು ಗಂಟೆಗೆ ಇದೇ ಬ್ಯಾಟರಿ ವರ್ಷದ ಮೇಲೆ ಬರಬೇಕು.

ಬ್ಯಾಟರಿಗೆ ಅಂತ ಬೇರೆ ಸ್ವಿಚ್ ಇರುವುದಿಲ್ಲ, ಕೇಬಲ್ ಚುಚ್ಚುವ ಜ್ಯಾಕೇ ಸ್ವಿಚ್. ಬೇಸ್‌ನಲ್ಲಿರುವುದು ಸ್ಟೀರಿಯೋ ಜ್ಯಾಕ್, ಅದಕ್ಕೆ ಟಿಪ್, ರಿಂಗ್, ಗ್ರೌಂಡ್ ಅಂತ ಮೂರು ಕಾಲು; ಬ್ಯಾಟರಿಯ ಕಪ್ಪು ವೈರ್ ಅದರ ರಿಂಗ್ ಕಾಲಿಗೆ ಹೋಗಿರುತ್ತದೆ. ನಾವು ಚುಚ್ಚುವುದು ಮೋನೋ ಕೇಬಲ್. ಅದರ ಪ್ಲಗ್‌ನ ಉದ್ದನೆಯ ಲೋಹದ ಬುಡ (ಸ್ಲೀವ್) ರಿಂಗನ್ನೂ ಗ್ರೌಂಡನ್ನೂ ಒಟ್ಟಿಗೆ ಮುಟ್ಟುತ್ತದೆ, ಆಗ ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಕೇಬಲ್ ಇಲ್ಲದೆಯೂ ಆ ಎರಡು ಎಲ್ಲೋ ತಾಗುತ್ತಿದ್ದರೆ ಕಥೆ ಮುಗಿಯಿತು.

ಮಲ್ಟಿಮೀಟರ್ ಇದ್ದರೆ ನೋಡಿ: ಬ್ಯಾಟರಿಯನ್ನು ಕ್ಲಿಪ್‌ನಲ್ಲಿ ಓರೆ ಮಾಡಿ, ಒಂದೇ ಗುಂಡಿ ಸಿಕ್ಕಿಕೊಂಡಿರಲಿ. ಮೀಟರನ್ನು ಮಿಲಿಆಂಪ್‌ಗೆ ತಿರುಗಿಸಿ, ಒಂದು ಕಡ್ಡಿ ಬ್ಯಾಟರಿಯ ಬಿಟ್ಟುಹೋದ ಗುಂಡಿಗೆ, ಇನ್ನೊಂದು ಕ್ಲಿಪ್‌ನ ಖಾಲಿ ಗುಂಡಿಗೆ. ಕೇಬಲ್ ಹಾಕದೆ ಸೊನ್ನೆ ಬರಬೇಕು. ಅಂದಹಾಗೆ, ಆ ಜ್ಯಾಕ್ ಯಾವತ್ತಾದರೂ ರಿಪೇರಿ ಆಗಿತ್ತಾ?

ದಪ್ಪತಂತಿ
ಅಯ್ಯೋ, ಆಗಿತ್ತು! ಜ್ಯಾಕ್ ಲೂಸಾಗಿ ಕರಕರ ಅನ್ನುತ್ತಿತ್ತು ಅಂತ ಒಬ್ಬರಿಗೆ ಕೊಟ್ಟು ಬದಲಾಯಿಸಿದ್ದೆ. ಲೆಕ್ಕ ಹಾಕಿದರೆ ಸರಿಯಾಗಿ ನಾಲ್ಕು ತಿಂಗಳು. ಅದೂ ಇದೂ ಜೋಡಿಸಿ ಯೋಚಿಸಿಯೇ ಇರಲಿಲ್ಲ. ನನ್ನದರಲ್ಲಿ ಪ್ರೀಆಂಪ್ ಬಿಟ್ಟು ನುಡಿಸುವ ಪ್ಯಾಸಿವ್ ಸ್ವಿಚ್ ಇದೆ, ಮೀಟರ್ ಸಿಗುವ ತನಕ ಪ್ಯಾಸಿವ್‌ನಲ್ಲಿ ಇಟ್ಟರೆ ಬ್ಯಾಟರಿ ಉಳಿಯುತ್ತಾ?

ಹಳೇಕೇಬಲ್
ಬಹಳಷ್ಟು ಬೇಸ್‌ಗಳಲ್ಲಿ ಉಳಿಯಲ್ಲ. ಆ ಸ್ವಿಚ್ ಸಿಗ್ನಲ್‌ನ ದಾರಿ ಬದಲಿಸುತ್ತದೆ, ಬ್ಯಾಟರಿಯನ್ನು ಕಡಿದುಹಾಕಲ್ಲ. ಕ್ಲಿಪ್ಪನ್ನೇ ಕಿತ್ತಿಡಿ. ಬ್ಯಾಟರಿ ಸತ್ತರೂ ನಿಮಗೆ ಪ್ಯಾಸಿವ್‌ನಲ್ಲಿ ನುಡಿಸಬಹುದು, ಅದೇ ಪುಣ್ಯ. ನನ್ನ ಸ್ಟಿಂಗ್‌ರೇ ಬೇಸ್‌ನಲ್ಲಿ ಆ ಸ್ವಿಚ್ಚೂ ಇಲ್ಲ, ಬ್ಯಾಟರಿ ಹೋದರೆ ಬರೀ ಮರದ ತುಂಡು.

ಮಂದ್ರಪ್ರಿಯ
ನನ್ನದು 18 ವೋಲ್ಟ್, ಎರಡು ಬ್ಯಾಟರಿ. ಹಾಗಾದರೆ ಎರಡು ಪಟ್ಟು ಬಾಳಿಕೆ ಬರುತ್ತೆ ಅಲ್ವಾ?

ಟಾಂಕಾತಜ್ಞ
ಇಲ್ಲ. ಸೀರೀಸ್‌ನಲ್ಲಿ ವೋಲ್ಟೇಜ್ ಕೂಡುತ್ತದೆ, ಎಂಎಎಚ್ ಅಷ್ಟೇ ಇರುತ್ತದೆ. ಸಿಗುವುದು ಹೆಡ್‌ರೂಮ್, ಜೋರಾಗಿ ಬಾರಿಸಿದರೂ ಸ್ವರ ಬೇಗ ಒಡೆಯಲ್ಲ. ಬದಲಿಸುವಾಗ ಎರಡನ್ನೂ ಒಟ್ಟಿಗೇ ಬದಲಿಸಿ.

ದಪ್ಪತಂತಿ
ಮೀಟರ್ ಸಿಕ್ಕಿತು. ಕೇಬಲ್ ಇಲ್ಲದೆಯೇ 0.9 ಮಿಲಿಆಂಪ್! ಮುಚ್ಚಳ ಬಿಚ್ಚಿ ನೋಡಿದರೆ ಮಹಾನುಭಾವರು ಮೋನೋ ಜ್ಯಾಕ್ ಹಾಕಿ ಬ್ಯಾಟರಿಯ ಕಪ್ಪು ವೈರನ್ನು ನೇರ ಗ್ರೌಂಡಿಗೆ ಬೆಸೆದಿದ್ದಾರೆ. ಸ್ಟೀರಿಯೋ ಜ್ಯಾಕ್ ತಂದು ನಾನೇ ಟಾಂಕಾ ಹಾಕಿದೆ, ಬೆರಳೂ ಸ್ವಲ್ಪ ಸುಟ್ಟುಕೊಂಡೆ. ಈಗ ಕೇಬಲ್ ಇಲ್ಲದಾಗ 0, ಹಾಕಿದರೆ 0.9. ಹೊಸ ಬ್ಯಾಟರಿ 9.5 ವೋಲ್ಟ್ ತೋರಿಸುತ್ತಿದೆ. ಎಷ್ಟಕ್ಕೆ ಇಳಿದಾಗ ಬದಲಿಸಬೇಕು?

ಟಾಂಕಾತಜ್ಞ
ನಾನು 7.5ಕ್ಕೆ ಬಂದರೆ ತೆಗೆದುಬಿಡುತ್ತೇನೆ. ಕೇಬಲ್ ಚುಚ್ಚಿಕೊಂಡೇ ಅಳೆಯಿರಿ, ಕೆಲಸ ಇಲ್ಲದಾಗ ಸೋತ ಬ್ಯಾಟರಿಯೂ ಜಾಸ್ತಿ ತೋರಿಸುತ್ತದೆ. ಬೆರಳಿಗೆ ತಣ್ಣೀರು ಹಾಕಿ.