ಮಗ ಫುಟ್‌ಬಾಲ್‌ನಲ್ಲಿ ಫಾರ್ವರ್ಡ್ ಆಡ್ತಾನೆ, ಅಕಾಡೆಮಿಗೆ ಸೇರಿಸಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಶಿವಮೊಗ್ಗದ ಒಬ್ಬ ತಂದೆ)

ಮಗನಿಗೆ 14 ವರ್ಷ, ಒಂಬತ್ತನೇ ಕ್ಲಾಸ್. ಸ್ಕೂಲ್ ಟೀಮಲ್ಲಿ ಫಾರ್ವರ್ಡ್, ಅಂದರೆ ಗೋಲ್ ಹೊಡೆಯಲು ಮುಂದೆ ಆಡುವವನು. ಹೋದ ತಿಂಗಳು ಒಂದು ಟೂರ್ನಿಯಲ್ಲಿ ನಾಲ್ಕು ಪಂದ್ಯಕ್ಕೆ ಏಳು ಗೋಲ್ ಹೊಡೆದ. ಅಲ್ಲಿಗೆ ಬಂದಿದ್ದ ಒಬ್ಬರು, ನಮ್ಮ ವಸತಿ ಅಕಾಡೆಮಿಗೆ ಕಳಿಸಿ, ಮುಂದಿನ ವರ್ಷವೇ ದೊಡ್ಡ ಕ್ಲಬ್ ಟ್ರಯಲ್ ಕೊಡಿಸುತ್ತೇವೆ ಅಂದರು. ಫೀಸ್ ವರ್ಷಕ್ಕೆ ಎರಡೂವರೆ ಲಕ್ಷ. ಮನೆಯವಳಿಗೆ ಎಸ್ಸೆಸ್ಸೆಲ್ಸಿ ಚಿಂತೆ. ಕಳಿಸಲೇಬೇಕು ಅಂತ ಮಗ ಸರಿಯಾಗಿ ಊಟವನ್ನೇ ಮಾಡುತ್ತಿಲ್ಲ. ಫುಟ್‌ಬಾಲ್‌ನಲ್ಲಿ ಬದುಕು ಕಟ್ಟಿಕೊಂಡವರು ದಯವಿಟ್ಟು ಹೇಳಿ.

ಬೆಂಗಳೂರಿನ ಮಾಜಿ ಆಟಗಾರ

ಸರ್, ನಾನು ಬೆಂಗಳೂರು ಜಿಲ್ಲಾ ಲೀಗ್‌ನಲ್ಲಿ ಎಂಟು ವರ್ಷ ಫಾರ್ವರ್ಡ್ ಆಡಿದ್ದೇನೆ. ಅದರಲ್ಲಿ ಎರಡು ವರ್ಷ ಮೇಲಿನ ದರ್ಜೆಯಾದ ಸೂಪರ್ ಡಿವಿಷನ್. ಈಗ ಸ್ಪೋರ್ಟ್ಸ್ ಕೋಟಾದಲ್ಲಿ ಸಿಕ್ಕ ಕೆಲಸದಲ್ಲಿದ್ದೇನೆ.

ಮೊದಲು ಆ ಏಳು ಗೋಲ್ ಪಕ್ಕಕ್ಕಿಡಿ. 14ರಲ್ಲಿ ಯಾರಿಗೆ ಬೇಗ ಮೀಸೆ ಬರುತ್ತದೋ ಅವನೇ ಟಾಪ್ ಸ್ಕೋರರ್. ನಾನೂ ಹಾಗೇ ಇದ್ದೆ. ಚೆಂಡು ಮುಂದೆ ತಳ್ಳಿ ಓಡಿದರೆ ಯಾರಿಗೂ ಸಿಗುತ್ತಿರಲಿಲ್ಲ. 17ಕ್ಕೆ ಎಲ್ಲರೂ ನನ್ನಷ್ಟೇ ಎತ್ತರ ಆದರು, ನನ್ನಷ್ಟೇ ಓಡಿದರು. ಆಗ ಗೊತ್ತಾಯಿತು, ನನಗೆ ಎಡಗಾಲೇ ಇಲ್ಲ ಅಂತ.

18ರಲ್ಲಿ ಹೆಸರಿದ್ದ ಒಂದು ಟೀಮ್ ಕರೆಯಿತು. ಖುಷಿಯಿಂದ ಹೋದೆ. ಇಡೀ ಸೀಸನ್ ಬೆಂಚ್. ಒಂದು ದಿನ ಅಶೋಕನಗರದ ಸ್ಟೇಡಿಯಂನಲ್ಲಿ ಕೊನೆಯ ಆರು ನಿಮಿಷಕ್ಕೆ ಇಳಿಸಿದರು. ಕಾಲು ಇನ್ನೂ ತಣ್ಣಗಿತ್ತು. ಚೆಂಡು ನೇರ ನನ್ನ ಮುಂದೆ ಬಂತು. ಕೀಪರ್ ಹೊರಗೆ ಬಂದಿದ್ದ, ಎಡಗಡೆ ಇಡೀ ಗೋಲ್ ಖಾಲಿ. ಒಂದೇ ಟಚ್‌ಗೆ ಹೊಡೆಯಬೇಕಿತ್ತು. ನಾನು ಬಲಗಾಲಿಗೆ ತಂದುಕೊಂಡೆ. ಅಷ್ಟರಲ್ಲಿ ಡಿಫೆಂಡರ್ ಬಂದು ಮಲಗಿದ. ಮುಂದಿನ ವರ್ಷ ಸಣ್ಣ ಟೀಮಿಗೆ ವಾಪಸ್ ಬಂದು ಪ್ರತಿ ಪಂದ್ಯ ಪೂರ್ತಿ ಆಡಿದೆ. ಆ ಜಾಸ್ತಿ ಟಚ್ ಬಿಟ್ಟುಹೋಗಿದ್ದು ಅಲ್ಲಿ. ಪ್ರಾಕ್ಟೀಸ್‌ನಿಂದ ಅಲ್ಲ, ಪಂದ್ಯದಿಂದ.

ಅದಕ್ಕೇ ನನ್ನ ಮಾತು ಇಷ್ಟೇ: ಅಕಾಡೆಮಿಯ ಹಾಸ್ಟೆಲ್ಲು, ಜಿಮ್ಮು ಆಮೇಲೆ ನೋಡಿ. ಹೋದ ಸೀಸನ್‌ನಲ್ಲಿ ನಿಮ್ಮ ಹುಡುಗರು ಎಷ್ಟು ಲೀಗ್ ಪಂದ್ಯ ಆಡಿದರು, ಒಬ್ಬೊಬ್ಬನಿಗೆ ಎಷ್ಟು ನಿಮಿಷ ಸಿಕ್ಕಿತು ಅಂತ ಕೇಳಿ. ಫಾರ್ವರ್ಡ್ ಬೆಳೆಯೋದು ಆ ನಿಮಿಷಗಳಲ್ಲಿ.

ಭಾರತ ತಂಡದ ಫಾರ್ವರ್ಡ್ ಸುನಿಲ್ ಚೆಟ್ರಿ ಅವರನ್ನೇ ನೋಡಿ. 2010ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಗೆ ಹೋದರು. ಎಂಥಾ ದೊಡ್ಡ ಅವಕಾಶ ಅಲ್ವಾ? ಆದರೆ ಅಲ್ಲಿ ಒಂದೂ ಲೀಗ್ ಪಂದ್ಯ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಬಿ ಟೀಮು, ಅಲ್ಲೂ ಬೆರಳೆಣಿಕೆಯ ಪಂದ್ಯ. ವಾಪಸ್ ಬಂದು 2013ರಲ್ಲಿ ಆಗಷ್ಟೇ ಹುಟ್ಟಿದ ಬೆಂಗಳೂರು ಎಫ್‌ಸಿ ಸೇರಿದರು. ಹೊಸ ಕ್ಲಬ್, ಹಿಂದೆ ಯಾವ ಹೆಸರೂ ಇರಲಿಲ್ಲ. ಆದರೆ ಆಡಲು ಸಿಕ್ಕಿತು. ಮೊದಲ ಸೀಸನ್‌ನಲ್ಲೇ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. ಆಮೇಲಿನದು ಎಲ್ಲರಿಗೂ ಗೊತ್ತು. 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ವಿದಾಯ ಹೇಳಿದಾಗ ದೇಶಕ್ಕಾಗಿ 151 ಪಂದ್ಯ, 94 ಗೋಲ್ ಆಗಿತ್ತು. ಮರುವರ್ಷ ಮತ್ತೆ ಬಂದು ಮಾಲ್ಡೀವ್ಸ್ ಮೇಲೆ 95ನೆಯದನ್ನೂ ಹೊಡೆದರು, 40ರ ವಯಸ್ಸಿನಲ್ಲಿ.

ಇನ್ನೊಂದು ವಿಷಯ. ನಮ್ಮ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ನಡುವಿನ ಸ್ಟ್ರೈಕರ್ ಜಾಗಕ್ಕೆ ಕ್ಲಬ್‌ಗಳು ಹೆಚ್ಚಾಗಿ ವಿದೇಶಿಯರನ್ನೇ ತರುತ್ತವೆ. ಚೆಟ್ರಿ ಕೂಡ 2017-18ರಲ್ಲಿ ಬೆಂಗಳೂರು ಎಫ್‌ಸಿಯ ವಿದೇಶಿ ಸ್ಟ್ರೈಕರ್ ಮಿಕು ನಡುವೆ ಇದ್ದ ಕಾರಣ ಎಡಗಡೆ ಆಡಿದರು. ಮಿಕು 15 ಗೋಲ್, ಇವರು 14. ನಿಮ್ಮ ಮಗನಿಗೆ ವಿಂಗ್‌ನಲ್ಲೂ, ಅಂದರೆ ಮೈದಾನದ ಬದಿಯಲ್ಲೂ, ಆಡಲು ಕಲಿಸಿ. ಬರೀ ಗೋಲ್ ಮುಂದೆ ನಿಲ್ಲೋನಿಗೆ ಇಲ್ಲಿ ಜಾಗ ಕಮ್ಮಿ.

ಮಂಗಳೂರಿನ ಒಬ್ಬ ತಾಯಿ

ನನ್ನ ಮಗನೂ ಫಾರ್ವರ್ಡ್, ಈಗ 19. ನಿಮ್ಮ ಹುಡುಗನ ವಯಸ್ಸಿನಲ್ಲಿ ಅವನಿಗೆ ಮಂಡಿಚಿಪ್ಪಿನ ಕೆಳಗೆ ಒಂದು ಗಂಟು ಎದ್ದಿತ್ತು. ಮುಟ್ಟಿದರೆ ಚೀರುತ್ತಿದ್ದ. ಕೋಚ್ ಒಬ್ಬರು, ಇದೆಲ್ಲ ಬೆಳೆಯುವ ನೋವು, ಓಡು ಅಂದರು. ಎರಡು ತಿಂಗಳು ಓಡಿಸಿದೆವು. ಕೊನೆಗೆ ಮೆಟ್ಟಿಲು ಹತ್ತಲೂ ಗೋಡೆ ಹಿಡಿಯುತ್ತಿದ್ದ. ಡಾಕ್ಟರು ನೋಡಿ ಓಸ್‌ಗುಡ್ ಶ್ಲಾಟರ್ ಅಂದರು. ಎತ್ತರ ಬೆಳೆಯುವ ವಯಸ್ಸಿನಲ್ಲಿ ಜಾಸ್ತಿ ಓಡುವ, ಜಿಗಿಯುವ ಮಕ್ಕಳಿಗೆ ಬರುತ್ತದಂತೆ. ಆಟ ಕಮ್ಮಿ ಮಾಡಿ, ತೊಡೆಯ ಸ್ನಾಯು ಹಿಗ್ಗಿಸುವ ವ್ಯಾಯಾಮ ಮಾಡಿಸಿದ ಮೇಲೆ ಹೋಯಿತು. ಮಗ ನೋವು ಅಂದರೆ ದಯವಿಟ್ಟು ನಂಬಿ. ಟೀಮಿಂದ ತೆಗೀತಾರೆ ಅನ್ನೋ ಭಯಕ್ಕೆ ಮಕ್ಕಳು ಅರ್ಧ ನೋವನ್ನು ಹೇಳೋದೇ ಇಲ್ಲ.

ಆಮೇಲೆ ಜನನ ಪ್ರಮಾಣಪತ್ರ, ಆಧಾರ್, ಸ್ಕೂಲ್ ದಾಖಲೆ ಮೂರರಲ್ಲೂ ಹುಟ್ಟಿದ ದಿನ ಒಂದೇ ಇದೆಯಾ ನೋಡಿಕೊಳ್ಳಿ. ಕಿರಿಯರ ಟೂರ್ನಿಗಳಲ್ಲಿ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಯಾರಾದರೂ "ವಯಸ್ಸು ಒಂದೆರಡು ವರ್ಷ ಇಳಿಸೋಣ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಹುಬ್ಬಳ್ಳಿಯ ದೈಹಿಕ ಶಿಕ್ಷಣ ಮೇಷ್ಟ್ರು

2023ರ ಜೂನ್ 21. ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯ ಭಾರತ–ಪಾಕಿಸ್ತಾನ ಪಂದ್ಯಕ್ಕೆ ಆರು ಮಂದಿ ಹುಡುಗರನ್ನು ಕಂಠೀರವಕ್ಕೆ ಕರೆದುಕೊಂಡು ಹೋಗಿದ್ದೆ. ಚೆಟ್ರಿ ಹ್ಯಾಟ್ರಿಕ್, 4-0. ವಾಪಸ್ ಬರುವಾಗ ರೈಲಿನಲ್ಲಿ ಹುಡುಗರನ್ನು ಕೇಳಿದೆ, ಮೊದಲ ಗೋಲ್ ಹೇಗೆ ಬಂತು? ಕೀಪರ್ ತಪ್ಪು ಮಾಡಿದ ಸರ್, ಅಂದರು. ತಪ್ಪು ಮಾಡಿಸಿದ್ದು ಯಾರು? ಹತ್ತನೇ ನಿಮಿಷ, ಚೆಂಡು ಕೀಪರ್ ಕಾಲಲ್ಲಿ. ಯಾರು ನೋಡಿದರೂ ಅದು ಅವನದ್ದೇ ಚೆಂಡು. 38 ವರ್ಷದ ಚೆಟ್ರಿ ಆದರೂ ಅವನ ಮೇಲೆ ಓಡಿದರು. ಕೀಪರ್ ಗಾಬರಿಯಾದ, ಚೆಂಡು ಇವರ ಕಾಲಿಗೇ ಬಂತು. ಚೆಟ್ರಿ ಅವರ ಉಳಿದೆರಡು ಗೋಲ್ ಪೆನಾಲ್ಟಿ.

ಈಗ ನನ್ನ ಫಾರ್ವರ್ಡ್‌ಗಳಿಗೆ ಗೋಲ್ ಲೆಕ್ಕ ಇಡುವುದಿಲ್ಲ. ಚೆಂಡು ಕಳೆದುಕೊಂಡ ಮೇಲೆ ಎಷ್ಟು ಸಲ ಅದರ ಬೆನ್ನು ಹತ್ತಿ ಓಡಿದ, ಅದನ್ನು ಬರೆದಿಡುತ್ತೇನೆ. ನಿಮ್ಮ ಮಗನ ಮುಂದಿನ ಪಂದ್ಯದಲ್ಲಿ ಚೆಂಡು ಬಿಟ್ಟು ಅವನನ್ನೇ ನೋಡಿ. ಚೆಂಡು ಇಲ್ಲದಾಗ ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾನಾ, ಜಾಗ ಹುಡುಕುತ್ತಾನಾ?

ಒಬ್ಬ ಕ್ಲಬ್ ಕಾರ್ಯದರ್ಶಿ

ಚಿಕ್ಕದಾಗಿ ಹೇಳುತ್ತೇನೆ. ಟ್ರಯಲ್‌ಗೆ ದುಡ್ಡು ಕೇಳಿದರೆ ಕೊಡಬೇಡಿ. ಏಜೆಂಟ್ ಅಂದವರ ಬಳಿ ಫೀಫಾ ಲೈಸೆನ್ಸ್ ಕೇಳಿ. 18 ತುಂಬದ ಹುಡುಗನ ಜತೆ ಮೂರು ವರ್ಷಕ್ಕಿಂತ ಉದ್ದದ ಒಪ್ಪಂದವನ್ನು ಫೀಫಾ ನಿಯಮ ಒಪ್ಪುವುದಿಲ್ಲ, ಹಾಗಾಗಿ ಐದು ವರ್ಷದ ಕಾಗದಕ್ಕೆ ಸಹಿ ಹಾಕಬೇಡಿ. ಓದು ಬಿಡಿಸಬೇಡಿ. 2025ರಲ್ಲಿ ಐಎಸ್‌ಎಲ್ ಸಮಯಕ್ಕೆ ಶುರುವಾಗಲೇ ಇಲ್ಲ, ಕೆಲವು ಕ್ಲಬ್‌ಗಳು ಸಂಬಳ ತಡೆಹಿಡಿದವು. ಮೇಲಿನ ಲೀಗ್‌ನಲ್ಲಿ ಆಡುವವರಿಗೇ ಹಾಗಾಯಿತು. ನಮ್ಮಲ್ಲಿ ಸೇನೆಯ ಎಂಇಜಿ, ಎಎಸ್‌ಸಿ ಟೀಮುಗಳಲ್ಲಿ, ಇಲಾಖೆಗಳ ಟೀಮುಗಳಲ್ಲಿ ಆಡಿ ಕೆಲಸ ಹಿಡಿದವರು ಬೇಕಾದಷ್ಟು ಜನ. ಅಲ್ಲಿ ಮಾರ್ಕ್ಸ್ ಕಾರ್ಡ್ ಕೇಳೇ ಕೇಳುತ್ತಾರೆ.

ಪ್ರಶ್ನೆ ಕೇಳಿದ ತಂದೆ, ಎರಡು ವಾರದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗನನ್ನೂ ಕರೆದುಕೊಂಡು ಆ ಅಕಾಡೆಮಿ ನೋಡಿ ಬಂದೆವು. ಮೈದಾನ ಚೆನ್ನಾಗಿದೆ. ಹೋದ ವರ್ಷ ಎಷ್ಟು ಲೀಗ್ ಪಂದ್ಯ ಆಡಿಸಿದಿರಿ ಅಂತ ಕೇಳಿದೆ. ಮೂರು ಫ್ರೆಂಡ್ಲಿ ಅಂದರು. ನಿಮಿಷದ ಲೆಕ್ಕ ಯಾರೂ ಇಟ್ಟಿರಲಿಲ್ಲ. ನಾನು ಏನೂ ಹೇಳುವ ಮೊದಲೇ, ಬಸ್ಸಲ್ಲಿ ಮಗನೇ ಕೇಳಿದ: "ಅಪ್ಪಾ, ವರ್ಷಕ್ಕೆ ಮೂರೇ ಪಂದ್ಯನಾ?"

ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಊರಲ್ಲೇ ಇರಲಿ ಅಂತ ಆಗಿದೆ. ಇಲ್ಲಿನ ಕ್ಲಬ್ಬೊಂದು ದೊಡ್ಡವರ ಜತೆ ಭಾನುವಾರ ಆಡಿಸಲು ಒಪ್ಪಿದೆ. ಹೋದ ಭಾನುವಾರ ಪೂರ್ತಿ ಆಡಿದ, ಗೋಲ್ ಬರಲಿಲ್ಲ. ಈಗ ಸಂಜೆ ಮನೆ ಹಿಂದಿನ ಗೋಡೆಗೆ ಬರೀ ಎಡಗಾಲಲ್ಲಿ ಹೊಡೆಯುತ್ತಿದ್ದಾನೆ. ಪಕ್ಕದ ಮನೆಯವರಿಗೆ ಏಳು ಗಂಟೆವರೆಗೆ ಮಾತ್ರ ಅಂತ ಮಾತು ಕೊಟ್ಟಿದ್ದೇನೆ.